ಮೇಸ್ತ್ರಿ ಮುಚ್ಚದ ಮೂರು ತೂತು

ಊರಿನ ಆ ದಿಕ್ಕಿನ ಕಾಲುದಾರಿಗಳನ್ನೆಲ್ಲ ಒಬ್ಬನೇ ನುಂಗಿ ನೀರು ಕುಡಿದ ಪುಣ್ಯಾತ್ಮನೆಂದರೆ ನಮ್ಮ ಮೇಸ್ತ್ರಿ. ಹೊಸ ಬಡಾವಣೆ ಎದ್ದಂತೆಲ್ಲ ಸುತ್ತ ಒಂದು ಗೋಡೆ, ಗೋಡೆಗೆ ಒಂದೇ ಗೇಟು. ಕಟ್ಟಿದವನು ಇವನೇ. ಪಕ್ಕದ ಬೀದಿಗೂ ಜನ ಹೆದ್ದಾರಿ ಸುತ್ತಿ ಹೋಗಬೇಕಾಯಿತು. ಯಾರಾದರೂ ಬೈದರೆ, "ನಾನು ಗೋಡೆ ಕಟ್ಟೋನು, ದಾರಿ ಹುಡುಕೋದು ನಿಮ್ ಕರ್ಮ" ಎಂದು ಹಲ್ಲು ಕಿರಿಯುತ್ತಿದ್ದ. ಕೊಬ್ಬು ಅಂದರೆ ಅದು.

ಐದನೆಯ ಗೋಡೆ ಅವನ ಮನೆಯ ಹಿಂದೆಯೇ ಎದ್ದಿತು. ಅದರಾಚೆ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು.

"ಅಲ್ಲಾ ರೀ, ಸುತ್ತಿ ಹೋಗೋಕೆ ಒಂದೂವರೆ ಗಂಟೆ ಬೇಕು. ಕೆಲಸ ಬಿಡಿಸಿಬಿಡ್ತಾರೆ. ಒಂದು ಬಾಗಿಲು ಬಿಡೋಕೆ ನಿಮಗೇನ್ ಧಾಡಿ?"

ಬಾಗಿಲು ಕೇಳುವ ಗಂಡಸುತನ ಎಲ್ಲಿಂದ ಬರಬೇಕು? ನಿಂತು ಕಟ್ಟಲು ಸಾರುವೆ ಮರ ಸಿಗಿಸಲೆಂದು ಗೋಡೆಯಲ್ಲಿ ಆರುಪಾರು ಬಿಟ್ಟ ತೂತುಗಳನ್ನು ಕೊನೆಗೆ ಮುಚ್ಚುವುದು ಕಸುಬಿನ ವಾಡಿಕೆ. ಇವನು ಕಳ್ಳನ ಹಾಗೆ ಮೂರನ್ನು ಮುಚ್ಚದೆ ಬಿಟ್ಟ. ಅವುಗಳಲ್ಲಿ ಕಾಲಿಟ್ಟು ಅವಳು ಎರಡು ತಿಂಗಳು ಹತ್ತಿಳಿದಳು.

ಬಡಾವಣೆ ಸಂಘದ ಕಾರ್ಯದರ್ಶಿಯ ಕಣ್ಣಿಗೆ ಒಂದು ದಿನ ಬೆಳಿಗ್ಗೆ ಅವು ಬಿದ್ದವು.

"ಮೇಸ್ತ್ರಿ, ಯಾರೋ ಕಳ್ಳರು ಹತ್ತಿಳೀತಿದಾರೆ. ಇವತ್ತೇ ಮೆತ್ತು, ಮೇಲೆ ಗಾಜು ನೆಡು. ಮುಂದಿನ ಬಡಾವಣೆ ಗೋಡೆನೂ ನಿಂದೇ."

ಓಡಿಹೋಗಿ, ಆರಕ್ಕೇ ಆಚೆ ಹೋಗಿದ್ದ ಹೆಂಡತಿಗೆ ಹೇಳಿಬರೋಣವೆಂದರೆ ಕಾರ್ಯದರ್ಶಿ ಆಸಾಮಿ ಮನೆ ಕಡೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಬೆಳಿಗ್ಗೆ ನೆಟ್ಟ ಗಾಜಿನ ಚೂರು ಬಿಸಿಲಿಗೆ ಬಿಗಿದುಕೊಂಡಿತು. ಸಂಜೆಯೊಳಗೆ ಮನೆ ಕಡೆಯ ತೂತಿನ ಬಾಯಿಗಳು ಮುಚ್ಚಿಹೋದವು, ಆಚೆ ಕಡೆಯವು ನಾಳೆಗೆ ಉಳಿದವು.

ಕತ್ತಲಾಗುತ್ತಲೇ ಆಚೆ ಹೆಜ್ಜೆ ಸಪ್ಪಳವಾಯಿತು.

"ಬಂದ ನೋಡು ಕಳ್ಳ. ಉಸಿರೆತ್ತಬೇಡ," ಕಾರ್ಯದರ್ಶಿ ಪಿಸುಗುಟ್ಟಿದ.

ಒಂದು ಕೂಗು ಸಾಕಿತ್ತು. ಕೂಗಿದರೆ ಹತ್ತುತ್ತಿರುವವಳು ಯಾರೆಂದು ತಿಳಿಯುತ್ತದೆ, ತೂತು ಬಿಟ್ಟವನು ಯಾರೆಂದೂ ತಿಳಿಯುತ್ತದೆ. ಗಂಟಲಿಗೆ ಬಂದದ್ದನ್ನು ಆ ಪಾಪಿ ನುಂಗಿಕೊಂಡ.

ಎರಡು ತಿಂಗಳ ಅಭ್ಯಾಸದ ಕೈ ಮೇಲೆ ಬಂದು ಎಂದಿನ ಜಾಗವನ್ನು ಗಟ್ಟಿಯಾಗಿ ಹಿಡಿಯಿತು. ಮೈಭಾರವೆಲ್ಲ ಅದರ ಮೇಲೆಯೇ ಇತ್ತು. ಆಚೆ ದೊಪ್ಪೆಂದು ಬಿದ್ದ ಸದ್ದು, ಅದರ ಹಿಂದೆಯೇ ಕಿರುಚಾಟ.

"ಏನ್ರೀ! ನನ್ ಕೈ ಹೋಯ್ತು! ಬನ್ರೀ!"

"ಯಾರನ್ನೋ ಕರೀತಿದಾಳಲ್ಲ ಮೇಸ್ತ್ರಿ, ಯಾರವಳು?"

"ಯಾರಿಗ್ಗೊತ್ತು ಸಾರ್," ಎಂದು ಮೇಸ್ತ್ರಿ ಬಗ್ಗಿ ಗಾರೆಯ ಬಾಂಡ್ಲಿ ತೊಳೆಯತೊಡಗಿದ.