ವಿಭೂತಿ ತುಂಬಿದ ಬೀಗ

ಗೆಳತಿಯರೇ, ಇವತ್ತು ಬೆಳಿಗ್ಗೆ ಹೊನ್ನಾಳಿಯ ನಮ್ಮ ಮನೆಗೆ, ನನ್ನನ್ನು ನೋಡಲು, ನ್ಯಾಮತಿಯಿಂದ ಗಂಡಿನವರು ಹಳೆಯ ಕಾರಿನಲ್ಲಿ ಬಂದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹುಡುಗನಲ್ಲ, ಕಾರಿನ ಬಾಗಿಲಿನ ಬೀಗ. ದಿನಾ ಪೂಜೆ ಮಾಡಿ ಮಾಡಿ ಅದರ ಕಿಂಡಿಯಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು.

ಉಪ್ಪಿಟ್ಟು ತಿಂದಾದ ಮೇಲೆ ಹುಡುಗನ ತಾಯಿ ತೀರ್ಪು ಕೊಟ್ಟರು: "ಹುಡುಗಿ ಒಪ್ಪಿಗೆ ಐತ್ರಿ. ಆದ್ರೆ ಇನ್ಮ್ಯಾಲೆ ಪುಸ್ತಕ ಗಿಸ್ತಕ ಹಿಡ್ಕೊಂಡು ಕೂರಾಕೆ ಆಗಲ್ಲ ನೋಡವ್ವಾ."

ನನ್ನ ಒಪ್ಪಿಗೆ ಕೇಳುವಷ್ಟು ಬಿಡುವು ಪಾಪ, ಯಾರಿಗೂ ಇರಲಿಲ್ಲ. ರಾಹುಕಾಲಕ್ಕೆ ಮುಂಚೆ ಅವರು ತಂದ ಹೂವನ್ನೇ ನನಗೆ ಮುಡಿಸಬೇಕಿತ್ತು. ಹೂವು ಕಾರಿನೊಳಗೆ ಉಳಿದಿತ್ತು. ಊರಲ್ಲಿ ಎಂದೂ ಲಾಕ್ ಮಾಡದ ಬಾಗಿಲುಗಳು ಇಲ್ಲಿ ಲಾಕ್ ಆಗಿದ್ದವು; ಕೀಲಿ ಹಾಕಲು ಇದ್ದದ್ದು ಆ ಒಂದೇ ಕಿಂಡಿ. ಕೀಲಿಕೈ ಕಿಂಡಿಯಲ್ಲಿ ಅರ್ಧಕ್ಕೇ ನಿಂತಿತು.

ಹುಡುಗನ ತಂದೆ ಕೊಬ್ಬರಿ ಎಣ್ಣೆ ಸುರಿದರು. ವಿಭೂತಿ ಇನ್ನಷ್ಟು ಮೆತ್ತಿಕೊಂಡಿತು.

"ದಿನಾ ಪೂಜೆ ಮಾಡೋ ಬೀಗ ರೀ ಇದು, ಹೆಂಗೆ ಕೈ ಕೊಡತೈತೆ?"

"ಹೌದಪ್ಪಾಜಿ," ಎಂದ ಹುಡುಗ. ಬೆಳಗಿನಿಂದ ಅವನಾಡಿದ ಮಾತು ಅದೊಂದೇ.

ಸೀಮೆಎಣ್ಣೆಯಿಂದ ಕಿಂಡಿ ತೊಳೆದು, ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟರೆ ಸಾಕೆಂದು ನನಗೆ ಗೊತ್ತಿತ್ತು. ಅಪ್ಪ ನನ್ನತ್ತ ತಿರುಗಿ, "ನಮ್ಮ ಜೀಪಿನ ಬೀಗ ನೀನೇ ಸರಿ ಮಾಡ್ತೀಯಲ್ಲವ್ವಾ, ಇದನ್ನೂ ಒಂಚೂರು ನೋಡು," ಎಂದರು.

"ಇದು ಬ್ಯಾರೆ ಥರದ್ದು ಅಪ್ಪಾ," ಎಂದು ತಲೆ ತಗ್ಗಿಸಿದೆ. ಎಷ್ಟು ನಾಚಿಕೆಯ ಹುಡುಗಿ ಎಂದು ಹುಡುಗನ ತಾಯಿ ಮೆಚ್ಚಿಕೊಂಡರು.

ರಾಹುಕಾಲ ಬಂತು. ನಾಳೆ ಮೆಕ್ಯಾನಿಕ್ಕನ್ನೂ ಹೊಸ ಹೂವನ್ನೂ ತರುವುದಾಗಿ ಹೇಳಿ, ಕಾರನ್ನು ನಮ್ಮ ಬಾಗಿಲಲ್ಲೇ ಬಿಟ್ಟು ಅವರು ಬಸ್ಸಿಗೆ ಹೋದರು.

ಇವತ್ತೇನೋ ನನ್ನ ಪರವಾಗಿ ಬೀಗ ಮಾತಾಡಿತು. ಮೆಕ್ಯಾನಿಕ್ ಬರುವುದರೊಳಗೆ, ಈ ಸಂಬಂಧ ಬೇಡವೆಂದು ಅಪ್ಪನಿಗೆ ನಾನೇ ಹೇಳುತ್ತೇನೆ.