ನಡುಕೆರೆಯ ಬಾಗಿನ

ಮನೆ ಮುಂದೆ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಆ ವಾಸನೆಗೆ ನನಗೆ ತಿಮ್ಮಣ್ಣನ ತೆಪ್ಪ ನೆನಪಾಗುತ್ತದೆ, ಅದರ ಹಿಂದೆಯೇ ನಮ್ಮ ಯಜಮಾನರ ಮೇಲೆ ಸಿಟ್ಟು ಬರುತ್ತದೆ.

ಆಗ ಅವರು ಪಂಚಾಯ್ತಿ ಅಧ್ಯಕ್ಷರು. ಚನ್ನರಾಯನದುರ್ಗದ ಬೆಟ್ಟ ಕಾಣುವ ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿದ್ದಿತ್ತು. ನಾವೋ ಬೋರ್‌ವೆಲ್ ನೀರಿನ ಜನ. ಈಜು ಬರುವವರು ಊರಿಗೆ ಇಬ್ಬರೋ ಮೂವರೋ. ಕೆರೆ ತುಂಬಿದರೆ ಏರಿಯ ಮೇಲೆ ನಿಂತು ಗಂಗಮ್ಮನಿಗೆ ಬಾಗಿನ ಬಿಡುವುದು ವಾಡಿಕೆ. ಪಕ್ಕದೂರಿನ ಅಧ್ಯಕ್ಷರು ಹಾಗೆ ಬಿಟ್ಟದ್ದು ಪೇಪರಿನಲ್ಲಿ ಬಂತು. ತಗೊಳ್ಳಿ, ಇವರಿಗೆ ನಿದ್ದೆ ಹತ್ತಲಿಲ್ಲ. "ನಾವು ನಡುಮಧ್ಯಕ್ಕೇ ಹೋಗಿ ಬುಡಣ" ಎಂದರು, ಕಡಲನ್ನು ಟಿವಿಯಲ್ಲಿ ಬಿಟ್ಟು ಎಲ್ಲೂ ಕಾಣದ ಮನುಷ್ಯ.

ಮೀನು ಹಿಡಿಯುವ ತಿಮ್ಮಣ್ಣನ ತೆಪ್ಪವೆಂದರೆ ಬಿದಿರಿನ ಬುಟ್ಟಿಗೆ ಗೋಣಿತಟ್ಟು ಹೊಲಿದು ಡಾಂಬರು ಬಳಿದದ್ದು. "ಬ್ಯಾಡಿ ಕಣಣ್ಣಾ. ಒಣಗಿದ್ದಾಗ ಕೆರೆ ತುಂಬಾ ಜಾಲಿ ಬೆಳ್ದಿತ್ತು. ಈಗ ನೀರೊಳ್ಗೆ ಎಲ್ಲೆಲ್ಲಿ ಮುಳ್ಳೈತೋ ನನ್ಗೇ ಗೊತ್ತಿಲ್ಲ" ಎಂದ.

ಆ ಜಾಲಿ ಕಡಿಸಿ ಎಂದು ಊರವರು ಅರ್ಜಿ ಕೊಟ್ಟಿದ್ದು ಇವರಿಗೇ. ಮುಂದಿನ ಸಭೆಗೆ, ಮುಂದಿನ ಸಭೆಗೆ ಎಂದು ತಳ್ಳಿದ್ದೂ ಇವರೇ. "ಮುಳ್ಳಿಗೆ ಹೆದರ್ಕಂಡು ಕೂತ್ರೆ ಊರಾಳಕ್ಕಾಯ್ತದೇನ್ಲಾ?" ಎಂದರು.

ತಿಮ್ಮಣ್ಣ ನನ್ನ ಕಡೆ ತಿರುಗಿದ. "ಅಕ್ಕಾ, ನೀವಾದ್ರೂ ಹೇಳಿ."

"ಬೇಗ ಹೋಗಿ ಬಂದ್ಬುಡಣ ನಡಿ" ಎಂದೆ.

ಅವನು ಹುಟ್ಟುಗೋಲಿನಿಂದ ನೀರೊಳಗೆ ತಡವಿ ತಡವಿ ನಮ್ಮಿಬ್ಬರನ್ನೂ ನಡುನೀರಿಗೆ ಕರೆದೊಯ್ದ. ಬಾಗಿನದ ಮೊರ ಬಿಟ್ಟೆವು, ಏರಿಯ ಮೇಲಿಂದ ಫೋಟೋ ಹೊಡೆದರು. ಸಾಕಾಯಿತೇ? ಇಲ್ಲ, ಆಚೆ ದಡದವರಿಗೂ ಕೈ ಬೀಸಬೇಕಂತೆ. ತಿಮ್ಮಣ್ಣ ಒಲ್ಲೆ ಎಂದದ್ದಕ್ಕೆ ಹುಟ್ಟು ಕಿತ್ತುಕೊಂಡು ತಾವೇ ಹಾಕಿದರು. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತಂತೆ. ಅಡಿಯಲ್ಲಿ ಜಾಲಿಮುಳ್ಳಿಗೆ ಗೋಣಿ ಚರ್ರೆಂದು ಹರಿದು ನೀರು ನುಗ್ಗಿತು. ಗಾಬರಿಗೆ ಯಜಮಾನರು ಎದ್ದು ನಿಂತರು. ತೆಪ್ಪದಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರಾ, ನೀವೇ ಹೇಳಿ. ಪಂಚೆ ಹಿಡಿದು ಎಳೆದು ಕೂರಿಸಿದೆ. ತಿಮ್ಮಣ್ಣ ಹರಿದ ಜಾಗಕ್ಕೆ ಮುಂಗಾಲು ಒತ್ತಿ ಹುಟ್ಟು ಹಾಕಿದ, ನಾನು ಅರಿಶಿನದ ಬಟ್ಟಲಲ್ಲಿ ನೀರು ಮೊಗೆದೆ. ಬದುಕಿ ದಡ ಸೇರಿದೆವು. ಮುಳ್ಳು ಅವನ ಕಾಲಿಗೆ ಹೊಕ್ಕು ಮುರಿದಿತ್ತು. ಕೀವಾಗಿ, ಮಧುಗಿರಿ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಆಮೇಲೆ ಅವನು ತೆಪ್ಪ ಹತ್ತಲಿಲ್ಲ.

ಮೊನ್ನೆ ಕೆರೆ ಮತ್ತೆ ತುಂಬಿತು. ಬಾಗಿನ ಹೇಗೆ ಬಿಡುವುದೆಂದು ಕೇಳಲು ಈಗಿನ ಅಧ್ಯಕ್ಷೆ ಮನೆಗೆ ಬಂದಳು. ಇವರು ಶುರು ಮಾಡಿದರು: "ನಡುಮಧ್ಯಕ್ಕೇ ಹೋಗ್ಬೇಕು ಕಣಮ್ಮ, ನಾವು ಹೋಗ್ಲಿಲ್ವಾ?"

ಇಷ್ಟು ವರ್ಷ ಈ ಕತೆಯನ್ನು ಇವರ ತಲೆಗೇ ಕಟ್ಟಿ ಹೇಳುತ್ತ ಬಂದವಳು ನಾನು. ಅವತ್ತು ತೆಪ್ಪ ಹತ್ತುವಾಗ ನಾನೂ ಹೊಸ ರೇಷ್ಮೆ ಸೀರೆ ಉಟ್ಟಿದ್ದೆ. ಪೇಪರಿನಲ್ಲಿ ನನ್ನ ಮುಖವೂ ಬರಬೇಕಿತ್ತು.

"ಏರಿ ಮೇಲಿಂದ್ಲೇ ಬಿಡಮ್ಮ" ಎಂದೆ.

"ಯಾಕಕ್ಕಾ?"

"ತಿಮ್ಮಣ್ಣ ಬ್ಯಾಡ ಅಂದಿದ್ದ. ಕೊನೇಗೆ ಕೇಳಿದ್ದು ನನ್ನನ್ನ. ನಡಿ ಅಂದೋಳು ನಾನೇ."