ಪೈಪಿನ ಬಾಯಿ, ನನ್ನ ಬಾಯಿ

ಇವತ್ತು ಬೆಳಿಗ್ಗೆ ಪೈಪಿನ ತುದಿಗೆ ಲಗ್ನಪತ್ರಿಕೆ ಸುತ್ತುತ್ತಿದ್ದೆ. ಗಾಬರಿಯಾಗಬೇಡಿ, ಪೈಪಿಗೆ ಲಗ್ನವಿಲ್ಲ. ಅಥವಾ ಇದೆ ಅನ್ನಿ, ಒಂದು ಪೈಪಿಗೆ ಇನ್ನೊಂದನ್ನು ಅಡ್ಡ ಕೂಡಿಸಿ ಬೆಸೆಯುವುದೂ ಒಂದು ನಮೂನೆಯ ಲಗ್ನವೇ. ಪತ್ರಿಕೆಯ ಮೂಲೆಯಲ್ಲಿ ಉಳಿದಿದ್ದ ಅರಿಶಿನದ ವಾಸನೆಯೂ ಕಬ್ಬಿಣದ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ನಾಲ್ಕು ವರ್ಷದ ಹಿಂದೆ ನನ್ನ ಮರ್ಯಾದೆ ಹೋದ ದಿನ ಎದುರಿಗೆ ಬಂದು ನಿಂತಿತು.

ಬೈಲಹೊಂಗಲದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ನನ್ನ ಸೋದರಮಾವನ ಮನೆ. ಅದರ ಹಿತ್ತಿಲಲ್ಲಿ ಮೊದಲು ಎಮ್ಮೆ ಕಟ್ಟುತ್ತಿದ್ದ ಜಾಗವೇ ಈಗ ವರ್ಕ್‌ಶಾಪು. ಮಾಮಾ ಹರೆಯದಲ್ಲಿ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡಿದವರು. ಈಗ ಮನೆಮಂದಿಗೆ ಬೇಕಾದ ಏಣಿ, ಸ್ಟೂಲು ಮಾಡಿಕೊಂಡು ಕೂತಿದ್ದಾರೆ. ನಾನು ಕಲಿಯಲು ಹೋದ ಮೊದಲ ದಿನ ಕೈಗೊಂದು ಪೈಪ್ ಕೊಟ್ಟು, "ಬಾಯಿ ತಗಿ" ಅಂದರು.

ನಾನು ಆ... ಎಂದು ಬಾಯಿ ತೆಗೆದೆ. "ಗುಟಖಾ ತಿಂದಿಲ್ರಿ ಮಾಮಾ, ಬೇಕಾದ್ರ ನೋಡ್ರಿ."

"ನಿಂದಲ್ಲೋ ಅಳಿಯಾ, ಪೈಪಿಂದು. ನಿಂದು ಹುಟ್ಟಿದಾಗಿಂದ ತಗದ ಐತಿ."

ಸಂಗತಿ ಇಷ್ಟೇ. ಒಂದು ಪೈಪಿನ ದುಂಡು ಮೈಗೆ ಇನ್ನೊಂದರ ನೆಟ್ಟಗೆ ಕತ್ತರಿಸಿದ ತುದಿಯನ್ನು ಇಟ್ಟರೆ ಎರಡೇ ಕಡೆ ತಾಗುತ್ತದೆ, ಹೊಸ ಬೀಗರ ಮನೆಯಲ್ಲಿ ಕುರ್ಚಿಯ ತುದಿಗೆ ಕೂತವರ ಹಾಗೆ. ಭಾರ ತಡೆಯುವುದಿಲ್ಲ. ಅದಕ್ಕೇ ತುದಿಯನ್ನು ಮೀನಿನ ಬಾಯಿಯಂತೆ ಬಾಗಿಸಿ ಕತ್ತರಿಸಬೇಕು, ಅದು ಇನ್ನೊಂದನ್ನು ತಬ್ಬಿ ಹಿಡಿಯಬೇಕು. ಹೀಗೆ ಕತ್ತರಿಸುವ ಅಳತೆಯನ್ನು ಮಾಮಾ ಒಂದು ಹಳೆಯ ಲಗ್ನಪತ್ರಿಕೆಯ ಮೇಲೆ ಬರೆದು, ಅದರ ಅಂಚನ್ನು ಅದೇ ಬಾಗಿಗೆ ಕತ್ತರಿಸಿಟ್ಟಿದ್ದಾರೆ. ಅದನ್ನು ತುದಿಗೆ ಸುತ್ತುವುದು, ಅಂಚಿನಗುಂಟ ಚಾಕ್‌ಪೀಸು ಎಳೆಯುವುದು, ಕತ್ತರಿಸುವುದು, ಕಾನಸಿನಿಂದ ಉಜ್ಜಿ ನಯ ಮಾಡುವುದು. ಒಂದು ವಾರದಲ್ಲಿ ನಾನು ಎರಡು ಬಾಯಿ ತೆಗೆದೆ. ಊರಲ್ಲಿ ಇನ್ನೂರು ಎಂದು ಹೇಳಿಕೊಂಡು ತಿರುಗಿದೆ.

ಅದೇ ಹೊತ್ತಿಗೆ ಬಾಣಂತನಕ್ಕೆಂದು ಅಕ್ಕ ನಮ್ಮ ಮನೆಯಲ್ಲಿದ್ದಳು. ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ರಾಮದುರ್ಗದಿಂದ ಬೀಗರು ಬರುವವರು. ತೊಟ್ಟಿಲು ತೂಗುಹಾಕುವ ಸ್ಟ್ಯಾಂಡ್ ನಾನೇ ಮಾಡುತ್ತೇನೆಂದು ಹೇಳಿಬಿಟ್ಟೆ.

ಬುಧವಾರ ಅಡ್ಡಪೈಪಿನ ಒಂದು ತುದಿಗೆ ಬಾಯಿ ತೆಗೆದೆ, ಸುಂದರವಾಗಿ ಬಂತು. ಆ ಖುಷಿಯಲ್ಲಿ ಫೋನಿನಲ್ಲಿ ಅದರ ಫೋಟೋ ತೆಗೆದು, ಪೈಪನ್ನು ತಿರುಗಿಸಿ ಇನ್ನೊಂದು ತುದಿಗೂ ತೆಗೆದೆ. ಆಮೇಲೆ ಎರಡೂ ಕಡೆ ಕಾಲು ಕೂಡಿಸಿ ನೋಡಿದರೆ, ಎಡಗಾಲು ನೆಟ್ಟಗೆ ನಿಂತಿದೆ, ಬಲಗಾಲು ನೆಲಕ್ಕೆ ಅಡ್ಡವಾಗಿ ಮಲಗಿದೆ. ಅದನ್ನು ಎಬ್ಬಿಸಿ ನಿಲ್ಲಿಸಿದರೆ ಇದು ಮಲಗುತ್ತದೆ. ತಿರುಗಿಸುವಾಗ ಪೈಪು ಕಾಲುಭಾಗ ಸುತ್ತು ಹೊರಳಿತ್ತು, ಎರಡು ಬಾಯಿ ಎರಡು ದಿಕ್ಕಿಗೆ ತೆರೆದುಕೊಂಡಿದ್ದವು.

ಮಾಮಾ ಬಂದು ನೋಡಿದರು. "ಕೂಸಿಗೆ ನಿದ್ದಿ ಹಚ್ಚಂದ್ರ ಕಾಲಿಗೆ ಹಚ್ಚೀದ್ಯಲ್ಲೋ."

"ಸಂದ್ಯಾಗ ವೆಲ್ಡಿಂಗ್ ತುಂಬಿ ಹೊಡದಬಿಡೂಣ್ರಿ ಮಾಮಾ. ಕೂಸ ಎಷ್ಟ ಹಗರ ಇರ್ತೈತಿ."

"ಹಗರ ಇರ್ತೈತಿ. ಬಿದ್ದ ಮ್ಯಾಲ ಭಾರ ಆಕ್ಕೈತಿ."

ಆ ಅಳತೆಯ ಪೈಪು ಮತ್ತೊಂದು ಇರಲಿಲ್ಲ, ಅವತ್ತು ಅಂಗಡಿಯೂ ಬಂದ್. ಮಾಮಾ ಒಳಗೆ ಹೋಗಿ ತಾವು ಮಲಗುವ ಪೈಪಿನ ಮಂಚವನ್ನು ಎಳೆದು ತಂದರು. ಅತ್ತೆ ಹಿಂದೆಯೇ ಬಂದರು. "ಮಂಚ ಕೊಯ್ದ್ರ ಎಲ್ಲಿ ಮಲಗಾವ್ರು?"

"ನೆಲ ಎಲ್ಲಿ ಓಡಿ ಹೊಕ್ಕೈತಿ?" ಎಂದು ಮಾಮಾ ಮಂಚದ ಉದ್ದಪೈಪಿಗೆ ಗರಗಸ ಹಚ್ಚಿದರು.

ಬಿಡಿಸಿದ ಪೈಪಿನ ಮೇಲೆ ಈ ತುದಿಯಿಂದ ಆ ತುದಿಗೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. "ಪೈಪಿಗೆ ಬೆನ್ನಿಲ್ಲ, ನಾವ ಕೊಡಬೇಕು. ಎರಡೂ ಬಾಯಿ ಈ ಗೆರಿ ಹಿಡದ ತಗಿ." ಗರಗಸವನ್ನು ನನ್ನ ಕೈಗೇ ಕೊಟ್ಟರು. ಮಂಚ ಕೆಡಿಸಿಕೊಂಡವರು ಇನ್ನೊಮ್ಮೆ ನನ್ನನ್ನು ನಂಬಿದ್ದೇಕೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಸಂಜೆಗೆ ಸ್ಟ್ಯಾಂಡ್ ಎದ್ದು ನಿಂತಿತು. ಮಾಮಾ ಅದಕ್ಕೆ ಜೋಳದ ಚೀಲ ಕಟ್ಟಿ ಚೆನ್ನಾಗಿ ತೂಗಿ ನೋಡಿದರು. ಮರುದಿನ ಬೀಗರು "ಯಾರ ಮಾಡ್ಯಾರ್ರಿ?" ಎಂದು ಕೇಳಿದಾಗ, "ನಮ್ಮ ಅಳಿಯಾ" ಅಂದರು, ಅಷ್ಟೇ. ಮಲಗಿದ ಕಾಲಿನ ಮಾತನ್ನು ಎತ್ತಲಿಲ್ಲ.

ಮಂಚ ಮುಂದಿನ ವಾರ ಮಾಡಿಕೊಡುತ್ತೇನೆ ಎಂದಿದ್ದೆ. "ನಿನ್ನ ಮುಂದಿನ ವಾರದಾಗ ಸೋಮಾರನ ಇಲ್ಲೇನೋ?" ಎಂದು ಅತ್ತೆ ಕೇಳುತ್ತ ನಾಲ್ಕು ವರ್ಷವಾಯಿತು. ಮೊನ್ನೆ ಹೋದಾಗ ಮಾಮಾ ಹಾಸಿಗೆಯಿಂದ ಏಳುತ್ತಿದ್ದರು. ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಗೋಡೆಯ ಮೇಲೆ. ನೆಲ ಓಡಿ ಹೋಗಿರಲಿಲ್ಲ, ಆದರೆ ಬಹಳ ಕೆಳಗಿಳಿದಂತೆ ಕಂಡಿತು.

ಅದಕ್ಕೇ ಇವತ್ತು ಹೊಸ ಪೈಪು ಹೊತ್ತುಕೊಂಡು ಹೋದೆ. ಮೊದಲು ಬೆನ್ನಿಗೆ ಗೆರೆ ಎಳೆದೆ. ಎರಡೂ ಬಾಯಿ ತೆಗೆದು ಮಂಚದ ಕಾಲಿಗೆ ಕೂಡಿಸಿದೆ. ಮಾಮಾ ಸಂದಿನ ಸುತ್ತ ಹೆಬ್ಬೆರಳು ಆಡಿಸಿದರು, ಬಗ್ಗಿ ಬಿಸಿಲಿನ ಕಡೆ ನೋಡಿದರು. ಕೂದಲೆಳೆಯಷ್ಟೂ ಬೆಳಕು ತೂರಿ ಬರಲಿಲ್ಲ.

"ಬಾಯಿ ಛಲೋ ತಗದೀಯಪಾ."

ಇದಕ್ಕೆ ಹೇಳಲೆಂದು ನಾಲ್ಕು ವರ್ಷದಿಂದ ಒಂದು ಭಾಷಣ ಸಿದ್ಧವಿತ್ತು. ಗಂಟಲು ಸರಿಮಾಡಿಕೊಂಡೆ.

"ಇನ್ನ ನಿಂದ ಮುಚ್ಚು. ವೆಲ್ಡಿಂಗ್ ಹಚ್ಚೂಣು."

ಮುಚ್ಚಿದೆ. ಇಷ್ಟನ್ನು ನಿಮಗೆ ಹೇಳಲೆಂದಷ್ಟೇ ಮತ್ತೆ ತೆಗೆದೆ.